ಫಿಟ್ಸ್ ನಿಂತ ಮೇಲಿನ ದಿನಗಳು: ದಾಸ್ತೊಯೆವ್‌ಸ್ಕಿಯ ಕಾಯಿಲೆ

ರಷ್ಯಾದ ಕಾದಂಬರಿಕಾರ ಫ್ಯೋದೊರ್ ದಾಸ್ತೊಯೆವ್‌ಸ್ಕಿ (1821–1881) ಅವರಿಗೆ ಮೂರ್ಛೆ ರೋಗ ಇತ್ತು ಎಂಬುದು ಹಲವರಿಗೆ ಗೊತ್ತು. ಫಿಟ್ಸ್ ನಿಂತ ಮೇಲೂ ದಿನಗಟ್ಟಲೆ ಅವರು ನರಳುತ್ತಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ.

1849ರಲ್ಲಿ ರಾಜದ್ರೋಹದ ಆರೋಪದ ಮೇಲೆ ಅವರನ್ನು ಬಂಧಿಸಿದರು. ಗುಂಡಿಕ್ಕಲು ಮೈದಾನಕ್ಕೆ ಕರೆತಂದು, ಕೊನೇ ಗಳಿಗೆಯಲ್ಲಿ ಶಿಕ್ಷೆ ಬದಲಿಸಿ ಸೈಬೀರಿಯಾದ ಸೆರೆಮನೆಗೆ ಕಳಿಸಿದರು. ಫಿಟ್ಸ್ ಅಲ್ಲಿಯೂ ಬರುತ್ತಿತ್ತು. ಅದು ಬರೀ ನರದೌರ್ಬಲ್ಯ ಇರಬಹುದು ಎಂದು ಅವರು ಆಸೆ ಇಟ್ಟುಕೊಂಡಿದ್ದರು. 1857ರಲ್ಲಿ, ಮದುವೆಯಾದ ಕೆಲವೇ ದಿನಗಳಿಗೆ ದೊಡ್ಡದೊಂದು ಫಿಟ್ಸ್ ಬಂತು. ನೋಡಿದ ವೈದ್ಯರು ಇದು ಅಪಸ್ಮಾರವೇ ಎಂದರು.

ಮುಂದೆ ಅವರು ಫಿಟ್ಸ್ ಬಂದ ದಿನವನ್ನೂ ಆಮೇಲೆ ತಮಗೆ ಹೇಗಿತ್ತೆಂಬುದನ್ನೂ ಬರೆದಿಡತೊಡಗಿದರು. ಮನಸ್ಸಿಗೆ ಮಂಕು ಕವಿಯುತ್ತಿತ್ತು, ಕಾರಣವಿಲ್ಲದ ಭಯ, ಏನೋ ಘೋರ ಅಪರಾಧ ಮಾಡಿದ್ದೇನೆ ಎಂಬ ಭಾವ. ನೆನಪೂ ಕೈಕೊಡುತ್ತಿತ್ತು. ಇಷ್ಟರ ನಡುವೆಯೇ ಅಷ್ಟು ದಪ್ಪ ಕಾದಂಬರಿಗಳನ್ನು ಬರೆದರು!

ಇದನ್ನು ಸ್ವಭಾವ ಎಂದುಕೊಳ್ಳುವುದು ಸುಲಭ. ಆದರೆ ಫಿಟ್ಸ್ ನಂತರದ ಖಿನ್ನತೆ ಕಾಯಿಲೆಯದೇ ಭಾಗವಾಗಿರಬಹುದು ಎಂದು ಇಂದಿನ ವೈದ್ಯರು ಗುರುತಿಸುತ್ತಾರೆ. ಮಿದುಳಿನಲ್ಲಿ ಫಿಟ್ಸ್ ಹುಟ್ಟುವ ಜಾಗಗಳಿಗೂ ಭಾವನೆ, ನೆನಪುಗಳನ್ನು ನೋಡಿಕೊಳ್ಳುವ ಜಾಗಗಳಿಗೂ ಹಲವರಲ್ಲಿ ಹತ್ತಿರದ ನಂಟಿದೆ. ಸರಿಯಾಗಿ ಆರಿಸಿದ ಎರಡು ಔಷಧಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಿಗೆ ಬಗ್ಗದ ಅಪಸ್ಮಾರ ಎನ್ನುತ್ತೇವೆ. ಸುಮಾರು ಮೂವರಲ್ಲಿ ಒಬ್ಬರದು ಈ ಸ್ಥಿತಿ. ಖಿನ್ನತೆ, ಆತಂಕ ಇವರಲ್ಲಿ ಹೆಚ್ಚು. ಇವುಗಳಿಗೂ ಚಿಕಿತ್ಸೆ ಇದೆ. ಹಾಗಾಗಿ ಮನೆಯಲ್ಲಿ ಫಿಟ್ಸ್ ಬಂದ ದಿನಾಂಕ ಬರೆದಿಡುವವರು ಮರುದಿನದ ಮನಸ್ಥಿತಿಯನ್ನೂ ಬರೆದು ವೈದ್ಯರಿಗೆ ತೋರಿಸಬೇಕು. ದಾಸ್ತೊಯೆವ್‌ಸ್ಕಿ ಬರೆದರು ನಿಜ, ಆದರೆ ಅವರ ಕಾಲದ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಫಿನೋಬಾರ್ಬಿಟಾಲ್ ಬಂದದ್ದೇ 1912ರಲ್ಲಿ.

ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1928ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಒಂದು ಪ್ರಬಂಧ ಬರೆದರು. ಈ ಫಿಟ್ಸ್ ಬಹುಶಃ ಮನಸ್ಸಿನಿಂದ ಹುಟ್ಟಿದ್ದು, ತಂದೆಯ ಸಾವನ್ನು ಒಳಗೊಳಗೇ ಬಯಸಿದ ಪಾಪಪ್ರಜ್ಞೆ ಅದರ ಹಿಂದಿದೆ ಎಂಬುದು ಅವರ ವಾದ. ನಮಗಿದು ತಲೆಕೆಳಗಾಗಿ ಓದಿದಂತೆ ಕಾಣುತ್ತದೆ: ಪಾಪಪ್ರಜ್ಞೆ ಬರುತ್ತಿದ್ದದ್ದು ಫಿಟ್ಸ್ ಆದ ಮೇಲೆ. ರೋಗಿಯನ್ನು ಒಮ್ಮೆಯೂ ನೋಡದೆ ಕೊಟ್ಟ ತೀರ್ಪು ಬೇರೆ.

ಫ್ರಾಯ್ಡ್ ವಾದಕ್ಕೆ ಹೊಂದದ ಇನ್ನೊಂದು ಸಂಗತಿಯೂ ಇದೆ. 1878ರ ಮೇ ತಿಂಗಳಲ್ಲಿ ದಾಸ್ತೊಯೆವ್‌ಸ್ಕಿಯ ಕಿರಿಯ ಮಗ ಅಲ್ಯೋಷಾಗೆ ಫಿಟ್ಸ್ ಶುರುವಾಗಿ ಗಂಟೆಗಟ್ಟಲೆ ನಿಲ್ಲಲಿಲ್ಲ. ಅಂದೇ ಮಗು ತೀರಿಕೊಂಡಿತು. ಅದಕ್ಕಿನ್ನೂ ಮೂರು ವರ್ಷ ತುಂಬಿರಲಿಲ್ಲ.