ತೇಲದ, ಮುಳುಗದ ಕೊಳವೆ
ಸಮುದ್ರದ ಆಳದಲ್ಲಿ ನೀರು ತೀರಾ ನಿಧಾನವಾಗಿ ತೆವಳುತ್ತದೆ ಎಂದು ವಿಜ್ಞಾನಿಗಳು ನಂಬಿದ್ದ ಕಾಲವದು. 1923ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಜಾನ್ ಸ್ವಾಲೋ, 1955ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಒಂದು ಸಾಧನ ಮಾಡಿದರು. ಅದು ಮೇಲೂ ಬಾರದೆ, ತಳಕ್ಕೂ ಇಳಿಯದೆ, ಬೇಕಾದ ಆಳದಲ್ಲಿ ನಿಂತು ಶಬ್ದದ ಮೂಲಕ ತಾನಿರುವ ಜಾಗ ತಿಳಿಸುತ್ತಿತ್ತು. 1960ರ ಸುಮಾರಿಗೆ ಬರ್ಮುಡಾ ಬಳಿ ಏರೀಸ್ ಎಂಬ ಪುಟ್ಟ ಹಡಗಿನಿಂದ ಇವನ್ನು ಬಿಟ್ಟಾಗ, ಎಣಿಸಿದ್ದಕ್ಕಿಂತ ಬಹುಪಟ್ಟು ವೇಗವಾಗಿ, ದಿಕ್ಕು ಬದಲಿಸುತ್ತಾ ಓಡಿದವು. ಲೆಕ್ಕಾಚಾರ ತಲೆಕೆಳಗಾದರೂ ಸ್ವಾಲೋ ಅಳತೆಯನ್ನು ಕೈಬಿಡಲಿಲ್ಲ. ಹಾಗೆ ಕಂಡದ್ದೇ ಸಾಗರದ ದೈತ್ಯ ಸುಳಿಗಳು. ಮೇಲ್ಪದರದ ಇಂಗಾಲವನ್ನು ಆಳಕ್ಕೆ ಒಯ್ಯುವುದರಲ್ಲಿ ಈ ಸುಳಿಗಳಿಗೂ ಪಾಲಿದೆ ಎಂದು ಇಂದು ನಮಗೆ ಗೊತ್ತು. ಅವರು 1994ರಲ್ಲಿ ತೀರಿಕೊಂಡರು. ಲ್ಯಾಬಿನ ರೀಡಿಂಗ್ ಪುಸ್ತಕಕ್ಕೆ ಹೊಂದಲಿಲ್ಲವೆಂದು ತಿದ್ದಿ ಬರೆಯುವ ಮುನ್ನ, ಗೆಳೆಯರೇ, ಸ್ವಾಲೋ ಅವರನ್ನೊಮ್ಮೆ ನೆನೆಯೋಣ.