ಯುದ್ಧಗಳ ಲೆಕ್ಕ ಬರೆದವರು

ಎಕ್ಸ್, ವೈ ಸಮೀಕರಣ ಬಿಡಿಸುತ್ತ, ಇದರಿಂದ ಏನು ಪ್ರಯೋಜನ ಎಂದು ಈ ಶಾಲೆಯಲ್ಲಿ ನಾವೆಲ್ಲ ಗೊಣಗಿದವರೇ. ಅದೇ ಎಕ್ಸ್, ವೈಗಳಿಂದ ಯುದ್ಧದ ಕಾರಣ ಹುಡುಕಿದವರು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್.

ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದ ಕುಟುಂಬದಲ್ಲಿ 1881ರಲ್ಲಿ ಜನಿಸಿದರು. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ, ಫ್ರಾನ್ಸಿನಲ್ಲಿ ಗಾಯಾಳುಗಳ ಆಂಬ್ಯುಲೆನ್ಸ್ ಓಡಿಸಿದರು. 1920ರಲ್ಲಿ ಹವಾಮಾನ ಇಲಾಖೆಯು ವಾಯುಪಡೆಯ ಸಚಿವಾಲಯಕ್ಕೆ ಸೇರಿದಾಗ ಕೆಲಸವನ್ನೇ ಬಿಟ್ಟರು. ಗಣಿತದಿಂದ ಹವಾಮಾನ ಮುನ್ಸೂಚನೆ ನೀಡುವ ವಿಧಾನಕ್ಕೆ 1922ರ ಅವರ ಪುಸ್ತಕ ಬುನಾದಿಯಾಯಿತು.

ಮುಂದೆ 1820ರಿಂದೀಚಿನ ಯುದ್ಧಗಳನ್ನು ಸತ್ತವರ ಸಂಖ್ಯೆಯಂತೆ ಪಟ್ಟಿ ಮಾಡಿದರು. ಒಂದು ದೇಶದ ಶಸ್ತ್ರಬಲ ಎಕ್ಸ್, ಎದುರಾಳಿಯದು ವೈ. ಪರಸ್ಪರ ಭಯ ಎರಡನ್ನೂ ಏರಿಸುತ್ತದೆ, ಖರ್ಚಿನ ಭಾರ ಇಳಿಸುತ್ತದೆ. ಭಯದ ಕೈ ಮೇಲಾದರೆ ಪೈಪೋಟಿ ನಿಲ್ಲುವುದಿಲ್ಲ ಎಂದು ಲೆಕ್ಕದಲ್ಲಿ ತೋರಿಸಿದರು. ಒಂದೇ ಭಾಷೆಯವರು ಕಾದಾಡುವುದು ಕಡಿಮೆ ಎಂಬ ನಂಬಿಕೆಗೂ ಅವರ ಅಂಕಿಗಳಲ್ಲಿ ಆಧಾರ ಸಿಗಲಿಲ್ಲ.

1953ರಲ್ಲಿ ತೀರಿಕೊಂಡರು. ಯುದ್ಧ ಕುರಿತ ಅವರ ಎರಡು ದೊಡ್ಡ ಗ್ರಂಥಗಳು ಅಚ್ಚಾಗಿ ಬಂದದ್ದು 1960ರಲ್ಲಿ.

ಅವರ ಹವಾಮಾನದ ಲೆಕ್ಕವನ್ನು ಇಂದು ಕಂಪ್ಯೂಟರ್‌ಗಳು ದಿನವೂ ಮಾಡುತ್ತಿವೆ. ಯುದ್ಧದ ಲೆಕ್ಕವನ್ನು ಮುಂದುವರಿಸುವವರಲ್ಲಿ ನಮ್ಮ ಶಾಲೆಯ ಮಕ್ಕಳೂ ಇರಲಿ ಎಂಬುದು ಈ ಹಳೆಯ ವಿದ್ಯಾರ್ಥಿಯ ಆಸೆ.