ಒಂದಾಣೆಯ ಗುಂಗಾಡಿ

ರೊನಾಲ್ಡ್ ರಾಸ್ ಹೆಸರನ್ನ ನಾವೆಲ್ಲಾ ಶಾಲೆಯಲ್ಲಿ ಓದಿರ್ತೀವಿ. ಹುಸೇನ್ ಖಾನ್ ಹೆಸರು ನನಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಅಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ತಿರುಗಿಬಿದ್ದು ಮೂರೇ ದಿನ ಆಗಿತ್ತು. ಅಪ್ಪ ಸೇನಾಧಿಕಾರಿ. ಕವಿತೆಯ ಹುಚ್ಚಿದ್ದ ಮಗ ಅಪ್ಪನ ಒತ್ತಾಯಕ್ಕೆ ವೈದ್ಯನಾಗಿ, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ. 1894ರಲ್ಲಿ ಲಂಡನ್‌ನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಆತನಿಗೆ ರಕ್ತದಲ್ಲಿನ ಮಲೇರಿಯಾ ಪರಾವಲಂಬಿ ತೋರಿಸಿ, ಸೊಳ್ಳೆಯ ಕಡೆ ಬೆರಳು ಮಾಡಿದ. ಮುಂದಿನ ವರ್ಷ ಕಾಲರಾ ಕೆಲಸಕ್ಕೆ ಬೆಂಗಳೂರಿಗೂ ಹಾಕಿದ್ರು.

1897ರ ಆಗಸ್ಟ್, ಸಿಕಂದರಾಬಾದ್. ಆಗ ನಮ್ಮ ರಾಯಚೂರು, ಮಾನ್ವಿ, ದೇವದುರ್ಗ ಕೂಡ ನಿಜಾಮರ ಸಂಸ್ಥಾನದಲ್ಲೇ ಇದ್ದವು. ಜ್ವರದ ರೋಗಿ ಹುಸೇನ್ ಖಾನ್‌ನನ್ನು ಪರದೆಯೊಳಗೆ ಮಲಗಿಸಿ ಸೊಳ್ಳೆ ಬಿಟ್ಟರು. ನಮ್ಮ ಕಡೆ ಗುಂಗಾಡಿ ಅಂತೀವಲ್ಲ, ಅದೇ. ಕಚ್ಚಿದ ಒಂದು ಗುಂಗಾಡಿಗೆ ಒಂದಾಣೆ.

ಆಮೇಲಿನದು ಕೈಚಳಕದ ಕೆಲಸ. ಸತ್ತ ಸೊಳ್ಳೆಯನ್ನು ಗಾಜಿನ ಪಟ್ಟಿ ಮೇಲಿಟ್ಟು, ಸೂಜಿಯಿಂದ ಹೊಟ್ಟೆ ಬಿಡಿಸಿ, ತೆಳು ಗಾಜು ಮುಚ್ಚಿ, ಒಂದೊಂದೇ ಜೀವಕೋಶ ನೋಡಬೇಕು. ಗಾಳಿಗೆ ಹಾರಿಹೋಗ್ತಾವೆ ಅಂತ ಪಂಖಾ ಬೀಸೋಹಂಗಿಲ್ಲ. ಬೆವರಿಗೆ ಮೈಕ್ರೋಸ್ಕೋಪಿನ ತಿರುಪುಗಳು ತುಕ್ಕು ಹಿಡಿದಿದ್ದವು. ಆಗಸ್ಟ್ 20ರಂದು ಹೊಟ್ಟೆಯ ಗೋಡೆಯಲ್ಲಿ ದುಂಡನೆ ಕೋಶಗಳು ಕಂಡವು. ಒಳಗೆ ಮಲೇರಿಯಾ ರಕ್ತದಲ್ಲಿರುವಂಥದೇ ಕಪ್ಪು ಕಣ. ಮರುದಿನ ಕೊನೆಯ ಸೊಳ್ಳೆಯಲ್ಲಿ ಅವು ಇನ್ನೂ ದೊಡ್ಡದಾಗಿದ್ದವು. ಅಂದರೆ ಬೆಳೀತಿದ್ದವು.

ಸರ್ಕಾರ ಏನು ಮಾಡ್ತು? ಮಲೇರಿಯಾ ಅಷ್ಟಾಗಿ ಇಲ್ಲದ ರಜಪೂತಾನಕ್ಕೆ ವರ್ಗ! 1898ರಲ್ಲಿ ಕಲ್ಕತ್ತದಲ್ಲಿ, ಮೊಹಮ್ಮದ್ ಬಕ್ಷ್ ಎಂಬ ಸಹಾಯಕನ ಜೊತೆ ದುಡಿದು, ಹಕ್ಕಿಗಳ ಮಲೇರಿಯಾದಲ್ಲಿ ಪೂರ್ತಿ ಚಕ್ರ ತೋರಿಸಿದ. 1902ರ ನೊಬೆಲ್ ಒಬ್ಬನಿಗೇ ಬಂತು. ಮನುಷ್ಯರ ಮಲೇರಿಯಾದಲ್ಲಿ ಅನಾಫಿಲಿಸ್ ಸೊಳ್ಳೆಯ ಪಾತ್ರ ತೋರಿಸಿದ ಇಟಲಿಯ ಗ್ರಾಸಿ ಜೊತೆ ಹಿರಿಮೆಗಾಗಿ ವರ್ಷಗಟ್ಟಲೆ ಜಗಳ ಕಾದ. 1932ರಲ್ಲಿ ಲಂಡನ್‌ನಲ್ಲಿ ತೀರಿಕೊಂಡ. ಹುಸೇನ್ ಖಾನ್ ಬದುಕಿನ ಕತೆಯನ್ನ ಯಾವ ಪಾಠವೂ ಹೇಳಲಿಲ್ಲ.

ಮಾನ್ವಿಯ ಕಾಲುವೆ ಊರಿರಲಿ, ದೇವದುರ್ಗದ ತಾಂಡಾ ಇರಲಿ, ಜ್ವರ ಅಂದ್ರೆ ಇವತ್ತು ಗಾಜಿನ ಪಟ್ಟಿ ಹಿಡಿದು ಬರೋರು ಆಶಾ ಅಕ್ಕಂದಿರು, ಆರೋಗ್ಯ ಸಿಬ್ಬಂದಿ. ಬೆರಳು ಚುಚ್ಚಿ, ಒಂದು ಕಡೆ ದಪ್ಪ ಲೇಪ, ಇನ್ನೊಂದು ಕಡೆ ತೆಳು ಲೇಪ. ತೆಳು ಲೇಪವನ್ನು ಇನ್ನೊಂದು ಗಾಜಿನಂಚಿನಿಂದ ಒಂದೇ ಸಲ ಎಳೀಬೇಕು, ತಡವರಿಸಿದ್ರೆ ಕೆಡ್ತದೆ. ಒಣಗಿದ ಮೇಲೆ ಅದರ ಮೇಲೇ ಪೆನ್ಸಿಲ್‌ನಲ್ಲಿ ನಂಬರ್. ಇಂಥ ಒಂದು ಸ್ಲೈಡಿಗೆ ರಾಷ್ಟ್ರೀಯ ಕಾರ್ಯಕ್ರಮ ಆಶಾಗೆ ನಿಗದಿ ಮಾಡಿದ್ದು 15 ರೂಪಾಯಿ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತ ಆಶಾಗಳು ಕೇಳಿದ್ದು, ಹೀಗೆ ಬಿಡಿ ಬಿಡಿ ಲೆಕ್ಕ ಬೇಡ, ತಿಂಗಳಿಗೆ 15 ಸಾವಿರ ನಿಗದಿ ಮಾಡಿ ಅಂತ.